ಧ್ವನಿವರ್ಧಕಕ್ಕೂ ಶ್ರುತಿ ಕೂಡಿಸಬೇಕು

ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿಕೊಂಡದ್ದು ಚಮತ್ಕಾರ ತೋರಿಸಲಿಕ್ಕಲ್ಲ. 1920ರ ದಶಕದ ಕಚೇರಿಗಳಲ್ಲಿ ಮೈಕು ಇರಲಿಲ್ಲ. ಸಭೆ ದೊಡ್ಡದಾದರೆ ಹಿಂದಿನ ಸಾಲಿನವರಿಗೆ ಪಿಟೀಲಿನ ನಾದ ತಲುಪುತ್ತಿರಲಿಲ್ಲ. ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಚೌಡಯ್ಯನವರು ಆ ತೊಂದರೆಗೆ ವಾದ್ಯದೊಳಗೇ ಪರಿಹಾರ ಹುಡುಕಿದರು. ಏಳು ತಂತಿಯ ಪಿಟೀಲನ್ನು ನುಡಿಸುವುದು ಕಷ್ಟ, ಅದರ ಶ್ರುತಿ ಕೂಡಿಸುವುದು ಇನ್ನೂ ಕಷ್ಟ. ಆದರೂ ಅವರು ಆ ಕಷ್ಟವನ್ನು ಒಪ್ಪಿಕೊಂಡರು. ನಾದ ದೊಡ್ಡದಾಗಬೇಕು, ಆದರೆ ಕೆಡಬಾರದು ಎಂಬ ಎರಡು ಷರತ್ತನ್ನೂ ಒಟ್ಟಿಗೆ ಈಡೇರಿಸಬೇಕೆಂಬ ಹಟ ಅದರ ಹಿಂದಿತ್ತು.

ಈಗ ನಾದವನ್ನು ದೊಡ್ಡದು ಮಾಡುವ ಕೆಲಸ ಆಂಪ್ಲಿಫೈಯರಿನದು. ಮೊದಲ ಷರತ್ತನ್ನು ಅದು ಸಲೀಸಾಗಿ ಈಡೇರಿಸುತ್ತದೆ. ಎರಡನೆಯ ಷರತ್ತು ಈಡೇರುವುದು ಯಂತ್ರದಿಂದಲ್ಲ, ಅದನ್ನು ಹೊಂದಿಸುವ ಮನುಷ್ಯನಿಂದ. ಗಣೇಶನ ಹಬ್ಬದ ಪೆಂಡಾಲು, ರಾಮೋತ್ಸವದ ಚಪ್ಪರ, ದಸರೆಯ ವೇದಿಕೆ, ಮದುವೆ ಛತ್ರ, ಹೀಗೆ ಮೈಸೂರಿನಲ್ಲಿ ವರ್ಷವಿಡೀ ಎಲ್ಲಾದರೂ ಒಂದು ಮೈಕ್ ಸೆಟ್ ನಡೆಯುತ್ತಲೇ ಇರುತ್ತದೆ. ಹಾಡುವವರ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಆ ಹಾಡು ನಮ್ಮ ಕಿವಿಗೆ ಬರುವ ದಾರಿಯ ಬಗ್ಗೆ ಮಾತಾಡುವುದೇ ಇಲ್ಲ. ಆ ದಾರಿಯಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದು ಗೇನ್, ಇನ್ನೊಂದು ಕ್ರಾಸ್‌ಓವರ್.

ಮೊದಲು ಗೇನ್. ಸಾಮಾನ್ಯವಾಗಿ ಆಂಪ್ಲಿಫೈಯರಿನಲ್ಲಿ ಗೇನ್ ಅಥವಾ ಇನ್‌ಪುಟ್ ಲೆವೆಲ್ ಎಂದು ಬರೆದ ಒಂದು ನಾಬ್ ಇರುತ್ತದೆ. ಬಹಳ ಜನ ಅದನ್ನು ವಾಲ್ಯೂಮ್ ಎಂದೇ ತಿಳಿದು, ಸದ್ದು ಸಾಲದಾಗ ಅದಕ್ಕೆ ಕೈ ಹಾಕುತ್ತಾರೆ. ಅದರ ಕೆಲಸ ಬೇರೆ. ಮೈಕಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಮೊಬೈಲಿನದು ಸುಮಾರು ಒಂದು ವೋಲ್ಟಿನ ಒಳಗೆ. ಒಳ್ಳೆಯ ಮಿಕ್ಸರ್ ಹಲವು ವೋಲ್ಟ್ ಕೊಡಬಲ್ಲದು. ಬರುತ್ತಿರುವುದು ಎಷ್ಟಾದರೂ ಆಗಲಿ, ಅದು ಗರಿಷ್ಠಕ್ಕೆ ಏರಿದಾಗ ಆಂಪ್ಲಿಫೈಯರೂ ತನ್ನ ಗರಿಷ್ಠಕ್ಕೆ ಏರಬೇಕು. ಅದಕ್ಕಿಂತ ಮೊದಲೂ ಅಲ್ಲ, ತುಂಬ ತಡವಾಗಿಯೂ ಅಲ್ಲ. ಈ ಎರಡನ್ನೂ ಹೊಂದಿಸುವುದೇ ಗೇನ್. ನಾಲೆಗೆ ಎಷ್ಟು ನೀರು ಹಿಡಿಸುತ್ತದೆಂದು ನೋಡಿಕೊಂಡು ಅಷ್ಟಕ್ಕೇ ತೂಬು ಎತ್ತುವ ನೀರುಗಂಟಿಯ ಕೆಲಸ ಇದು. ತೂಬನ್ನು ಪೂರ್ತಿ ಎತ್ತಿಬಿಟ್ಟರೆ ಗದ್ದೆಗೆ ಹೆಚ್ಚು ನೀರು ಬರುವುದಿಲ್ಲ, ನಾಲೆಯ ಏರಿ ಒಡೆಯುತ್ತದೆ.

ಏರಿ ಒಡೆಯುವುದೆಂದರೆ ಇಲ್ಲಿ ಏನು? ಆಂಪ್ಲಿಫೈಯರಿನ ಒಳಗಿರುವ ವೋಲ್ಟೇಜಿಗೆ ಒಂದು ಮೇಲ್ಮಿತಿಯಿದೆ. ಗೇನ್ ಅತಿಯಾದರೆ ಧ್ವನಿಯ ಅಲೆ ಆ ಮಿತಿಗೆ ಬಡಿದು, ಅದರ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಹಾಡಿನಲ್ಲಿ ಇಲ್ಲದ ಹೊಸ ಕಂಪನಗಳು ಹುಟ್ಟುತ್ತವೆ, ಅವು ಹೆಚ್ಚಾಗಿ ಮೇಲಿನ ಸ್ಥಾಯಿಗಳವು. ಗಾಯಕಿಯ ತಾರಷಡ್ಜ ಕರ್ಕಶವಾಗುವುದು, ‘ಸ’ಕಾರ ಸೀಳಿದಂತೆ ಕೇಳುವುದು ಇದರಿಂದಲೇ. ಆ ಹೆಚ್ಚಿನ ಭಾರವೆಲ್ಲ ಬೀಳುವುದು ಆ ಸ್ಥಾಯಿಗಳನ್ನು ನುಡಿಸುವ ಪುಟ್ಟ ಸ್ಪೀಕರಾದ ಟ್ವೀಟರಿನ ಮೇಲೆ. ಕೂದಲೆಳೆಯಂಥ ತಂತಿಯ ಸುರುಳಿ ಬಿಸಿಯಾಗಿ ಸುಟ್ಟುಹೋಗುತ್ತದೆ. ಸ್ಪೀಕರ್ ಬಾಕ್ಸ್ ಸುಟ್ಟಿತೆಂದು ನಾವು ಕಂಪನಿಯನ್ನು ಬೈಯುತ್ತೇವೆ.

ನಮ್ಮ ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ಒಬ್ಬ ಹುಡುಗ ಈ ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಿದ್ದೇನೆ. ಅವನು ಮೊದಲು ಬಾಕ್ಸುಗಳ ವೈರನ್ನು ಬಿಚ್ಚಿದ. ಆಂಪ್ಲಿಫೈಯರಿನ ಗೇನನ್ನು ಸೊನ್ನೆಗೆ ಇಳಿಸಿದ. ಮಿಕ್ಸರನ್ನು ಮಾಮೂಲಿ ಗುರುತಿಗೆ ನಿಲ್ಲಿಸಿ, ಅದರ ಮೂಲಕ 1000 ಹರ್ಟ್ಸಿನ ಒಂದೇ ಸಮನಾದ ಸ್ವರವನ್ನು ಬಿಟ್ಟ. ಬಾಕ್ಸಿನ ವೈರು ಕೂರುವ ಜಾಗಕ್ಕೆ ಮಲ್ಟಿಮೀಟರಿನ ಕಡ್ಡಿ ಹಿಡಿದು, ಗೇನನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದ. ಅವನ ಬಾಕ್ಸುಗಳು 8 ಓಮಿನವು, 200 ವ್ಯಾಟ್ ತಡೆಯುವಂಥವು. 200ನ್ನು 8ರಿಂದ ಗುಣಿಸಿದರೆ 1600, ಅದರ ವರ್ಗಮೂಲ 40. ಮೀಟರಿನಲ್ಲಿ 40 ವೋಲ್ಟ್ ಬರುತ್ತಿದ್ದಂತೆ ಕೈ ತೆಗೆದ. ಆ ಹೊತ್ತಿಗೆ ಸಮಿತಿಯ ಹಿರಿಯರೊಬ್ಬರು ಬಂದು, “ಏನಪ್ಪಾ, ಇನ್ನೊಸಿ ಜೋರಾಗಿ ಬರ್ಬೇಕು ಕಣೋ” ಎಂದರು. ಅವನು ತಲೆ ಎತ್ತದೆ, “ಜೋರು ಮಿಕ್ಸರ್‌ನಲ್ಲಿ ಕೊಡ್ತೀನಿ ಸಾರ್, ಇದನ್ನ ಮಾತ್ರ ಮುಟ್ಟಂಗಿಲ್ಲ” ಎಂದು ನಾಬಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿದ. ಆ ಸಂಜೆಯ ಹಾಡುಗಾರಿಕೆಯಲ್ಲಿ ಒಂದು ಸ್ವರವೂ ಒಡೆಯಲಿಲ್ಲ.

ಹಾಗೆಂದು ಗೇನನ್ನು ತೀರ ಕೆಳಗಿಟ್ಟರೂ ನಷ್ಟವೇ. ಈ ಮಾತು ಮೈಸೂರಿಗೆ ಬೇಗ ಅರ್ಥವಾಗಬೇಕು, ಏಕೆಂದರೆ ಇದು ವೀಣೆಯ ಊರು. ವೀಣೆ ಶೇಷಣ್ಣನವರ (1852–1926) ಕಾಲದಲ್ಲಿ ವೀಣೆಯನ್ನು ಹತ್ತಿರ ಕೂತು ಕೇಳುತ್ತಿದ್ದರು. ಮೀಟು ಬಿದ್ದ ಕ್ಷಣ ನಾದ ತುತ್ತತುದಿಯಲ್ಲಿರುತ್ತದೆ, ಮರುಕ್ಷಣವೇ ಇಳಿಯತೊಡಗುತ್ತದೆ. ವೈಣಿಕರು ತಂತಿ ಎಳೆದು ಗಮಕ ತೆಗೆಯುವುದು ಇಳಿಯುತ್ತಿರುವ ಆ ನಾದದಲ್ಲಿ. ಅಂದರೆ ವೀಣೆಯ ಜೀವ ಇರುವುದು ಅದರ ಅತಿ ಸಣ್ಣ ದನಿಯಲ್ಲಿ. ಈಗ ವೀಣೆಗೆ ಪಿಕಪ್ ಅಂಟಿಸಿ ಆಂಪ್ಲಿಫೈಯರಿಗೆ ಜೋಡಿಸುತ್ತಾರೆ. ಗೇನ್ ಅತಿಯಾದರೆ ಮೀಟು ಕ್ಲಿಪ್ ಆಗಿ ತಗಡು ಬಡಿದಂತೆ ಕೇಳುತ್ತದೆ. ಮೊದಲ ಹಂತದಲ್ಲೇ ಗೇನ್ ಕಡಿಮೆಯಾಗಿ, ಕೊನೆಯ ಹಂತದಲ್ಲಿ ಸದ್ದನ್ನು ಎತ್ತಿ ಸರಿದೂಗಿಸಲು ಹೋದರೆ, ಸರ್ಕ್ಯೂಟಿನ ಹಿನ್ನೆಲೆಯ ‘ಸ್ಸ್’ ಎಂಬ ಸದ್ದೂ ಜೊತೆಯಲ್ಲೇ ಏರಿ ಗಮಕವನ್ನು ನುಂಗುತ್ತದೆ. ಮೀಟು ಒಡೆಯಬಾರದು, ಗಮಕ ಮುಳುಗಬಾರದು. ಎರಡರ ನಡುವಿನ ಸಣ್ಣ ಜಾಗವನ್ನು ಹುಡುಕಬೇಕಾದರೆ ಕೈಗಿಂತ ಹೆಚ್ಚಾಗಿ ಕಿವಿ ಬೇಕು.

ಇನ್ನು ಕ್ರಾಸ್‌ಓವರ್. ಒಂದೇ ಸ್ಪೀಕರ್ ಎಲ್ಲ ಸ್ಥಾಯಿಗಳನ್ನೂ ಸರಿಯಾಗಿ ನುಡಿಸಲಾರದು. ಅದಕ್ಕೇ ಕೆಳಗಿನ ಕಂಪನಗಳನ್ನು ವೂಫರಿಗೂ ಮೇಲಿನವನ್ನು ಟ್ವೀಟರಿಗೂ ಹಂಚುತ್ತಾರೆ, ತೀರ ಕೆಳಗಿನವಕ್ಕೆ ಸಬ್ ವೂಫರ್ ಇಡುತ್ತಾರೆ. ಎಲ್ಲಿ ಒಬ್ಬರು ಬಿಟ್ಟು ಇನ್ನೊಬ್ಬರು ಹಿಡಿಯಬೇಕೆಂದು ತೀರ್ಮಾನಿಸುವುದು ಕ್ರಾಸ್‌ಓವರ್. ಹೈ ಪಾಸ್ ಫಿಲ್ಟರ್ ಗೊತ್ತುಮಾಡಿದ ಕಂಪನಕ್ಕಿಂತ ಮೇಲಿನದನ್ನು ಬಿಟ್ಟು ಕೆಳಗಿನದನ್ನು ತಡೆಯುತ್ತದೆ, ಲೋ ಪಾಸ್ ಅದರ ತಿರುಗುಮುರುಗು. ತಡೆಯೆಂದರೆ ಗೋಡೆಯಂತೆ ನೆಟ್ಟಗಿನ ತಡೆಯಲ್ಲ. ಒಂದೊಂದು ಸ್ಥಾಯಿ ದಾಟಿದಂತೆ 12 ಡೆಸಿಬೆಲ್ ಅಥವಾ 24 ಡೆಸಿಬೆಲ್ ಇಳಿಯುವ ಇಳಿಜಾರು. ಎರಡು ಇಳಿಜಾರುಗಳು ಸೇರುವ ಕಡೆ ಉಬ್ಬೂ ಬರಬಾರದು, ಗುಂಡಿಯೂ ಬೀಳಬಾರದು. ಇದಕ್ಕೊಂದು ಸೊಗಸಾದ ಉತ್ತರ ಸಿಕ್ಕಿದ್ದು 1976ರಲ್ಲಿ. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಎಂಬ ಎಂಜಿನಿಯರ್ ಪ್ರಕಟಿಸಿದ, ಅವರ ಮತ್ತು ರಸ್ ರೈಲಿ ಅವರ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಈ ಫಿಲ್ಟರಿನಲ್ಲಿ ಎರಡೂ ಕಡೆಯವರು ಸೇರುವ ಬಿಂದುವಿನಲ್ಲಿ ಅರ್ಧರ್ಧ ವೋಲ್ಟೇಜಿಗೆ ಇಳಿದಿರುತ್ತಾರೆ. ಎರಡು ಅರ್ಧ ಸೇರಿ ಪೂರ್ತಿ ಒಂದಾಗುತ್ತದೆ.

ಆ ಬಿಂದು ಎಲ್ಲಿರಬೇಕೆಂದು ಹೇಳುವುದು ಸಂಗೀತವೇ ಹೊರತು ಯಂತ್ರವಲ್ಲ. ‘ಸಿ’ ಶ್ರುತಿಯಲ್ಲಿ ಹಾಡುವ ಗಾಯಕರ ಮಧ್ಯಸ್ಥಾಯಿ ಷಡ್ಜ ಸುಮಾರು 131 ಹರ್ಟ್ಸ್. ಅವರು ಮಂದ್ರ ಪಂಚಮಕ್ಕೆ ಇಳಿದರೆ 98. ಗಾಯಕರ ಮೈಕಿಗೆ 80 ಹರ್ಟ್ಸಿನಲ್ಲಿ ಹೈ ಪಾಸ್ ಇಟ್ಟರೆ ಹಾಡಿಗೆ ಏನೂ ಆಗುವುದಿಲ್ಲ. ವೇದಿಕೆಯ ಹಲಗೆಯ ಮೇಲೆ ಯಾರೋ ನಡೆದ ಧಡಧಡ, ಗಾಳಿಯ ಗುಮ್ಮನೆ ಸದ್ದು, ಹತ್ತಿರದ ಜನರೇಟರಿನ ಗುಡುಗು ಮಾತ್ರ ಹೋಗುತ್ತದೆ. ಅದೇ ಫಿಲ್ಟರನ್ನು ಯೋಚಿಸದೆ 150ಕ್ಕೆ ತಿರುಗಿಸಿದರೆ ಮಂದ್ರಸ್ಥಾಯಿಯ ಆಲಾಪನೆ ತೆಳ್ಳಗಾಗುತ್ತದೆ. ಹಾಡಿದವರ ದೋಷವೆಂದೇ ಕೇಳುಗರು ಭಾವಿಸುತ್ತಾರೆ. ಇದಕ್ಕೆ ವಿರುದ್ಧವಾದ ತಪ್ಪು ಸಬ್ ವೂಫರಿಗೆ ಎಲ್ಲವನ್ನೂ ಬಿಡುವುದು. ಆಗ ಮೃದಂಗದ ತೊಪ್ಪಿಯ ಗುಮಕಿ ಊರೆಲ್ಲ ತುಂಬಿ, ಬಲಗಡೆಯ ಚಾಪು ಎಲ್ಲೋ ಕಳೆದುಹೋಗುತ್ತದೆ.

ಬಯಲಿನಲ್ಲಿ ಕ್ರಾಸ್‌ಓವರಿನ ಕೆಲಸ ಇನ್ನೂ ಮುಖ್ಯ. ಸಮುದ್ರದಲ್ಲಿ ಓಡಾಡುವ ದೋಣಿಗಳಿಗೆಂದೇ ತಯಾರಾಗುವ ಆಂಪ್ಲಿಫೈಯರುಗಳಿವೆ. ಉಪ್ಪುಗಾಳಿ ತಾಗದಂತೆ ಒಳಗಿನ ಬೋರ್ಡಿಗೆ ಲೇಪನ ಹಚ್ಚಿ, ತುಕ್ಕು ಹಿಡಿಯದ ಸ್ಕ್ರೂ ಹಾಕಿ, 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವಂತೆ ಮಾಡಿರುತ್ತಾರೆ. ಅವನ್ನು ಹೊಂದಿಸುವವರ ಕಷ್ಟವೂ ದಸರೆಯ ಮೆರವಣಿಗೆಯವರ ಕಷ್ಟವೂ ಒಂದೇ. ಕಾರಿನೊಳಗೆ ಅಥವಾ ಕೋಣೆಯೊಳಗೆ ಗೋಡೆಗಳು ಬೇಸನ್ನು ಹಿಡಿದಿಟ್ಟು ತುಂಬಿಕೊಡುತ್ತವೆ. ತೆರೆದ ನೀರಿನ ಮೇಲೆ, ಅರಮನೆಯಿಂದ ಬನ್ನಿಮಂಟಪಕ್ಕೆ ಸಾಗುವ ಸ್ತಬ್ಧಚಿತ್ರದ ಟ್ರ್ಯಾಕ್ಟರಿನ ಮೇಲೆ, ಅದು ಹರಡಿ ಹೋಗುತ್ತದೆ. ಜೊತೆಗೆ ಎಂಜಿನ್ನಿನ ಸದ್ದು ಬೇರೆ. ಬೇಸ್ ಸಾಲದೆಂದು ಅದರ ನಾಬನ್ನೇ ತಿರುಗಿಸುತ್ತ ಹೋದರೆ ಸಣ್ಣ ಸ್ಪೀಕರ್ ಸಾಯುತ್ತದೆ. ಅದೇ ಸದ್ದನ್ನು ಒಂದು ಸ್ಥಾಯಿ ಕೆಳಗೆ ಕೊಡಬೇಕಾದರೆ ಸ್ಪೀಕರಿನ ಕಾಗದ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಆಡಬೇಕು. ಆರೂವರೆ ಇಂಚಿನ ಸ್ಪೀಕರಿಗೆ ಅಷ್ಟು ಜಾಗವೇ ಇಲ್ಲ. ತಿಳಿದವರು 80 ಅಥವಾ 100 ಹರ್ಟ್ಸಿನಲ್ಲಿ ಹೈ ಪಾಸ್ ಇಟ್ಟು ಅದರ ಹೊರೆ ಇಳಿಸುತ್ತಾರೆ, ಕೆಳಗಿನ ಕೆಲಸವನ್ನು ಸಬ್ ವೂಫರಿಗೆ ವಹಿಸುತ್ತಾರೆ. ಹೊರೆ ಇಳಿದ ಸ್ಪೀಕರ್ ಮೊದಲಿಗಿಂತ ಜೋರಾಗಿಯೂ ಸ್ಪಷ್ಟವಾಗಿಯೂ ಹಾಡುತ್ತದೆ. ಕೂಡಿಸುವುದರಿಂದ ಆಗದ್ದು ಕಳೆಯುವುದರಿಂದ ಆಗುತ್ತದೆ.

ಇದನ್ನು ಒಪ್ಪದ ನಮ್ಮ ಆಯೋಜಕರು ಕೇಳುವ ಮೊದಲ ಪ್ರಶ್ನೆ, “ಎಷ್ಟು ವ್ಯಾಟ್ ಕೊಡ್ತೀರಿ?” ವ್ಯಾಟನ್ನು ಎರಡು ಪಟ್ಟು ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅಷ್ಟೇನೂ ದೊಡ್ಡ ವ್ಯತ್ಯಾಸವಲ್ಲ. ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸಬೇಕಾದರೆ 100 ವ್ಯಾಟ್ ಇದ್ದದ್ದು 1000 ಆಗಬೇಕು. ಬಾಡಿಗೆಯ ಹಣವನ್ನು ಇನ್ನೆರಡು ಬಾಕ್ಸಿಗೆ ಸುರಿಯುವುದಕ್ಕಿಂತ, ಇರುವ ಬಾಕ್ಸನ್ನು ಸರಿಯಾಗಿ ಹೊಂದಿಸಬಲ್ಲವನಿಗೆ ಕೊಡುವುದು ಲಾಭ. ಕಾನೂನೂ ಇದನ್ನೇ ಬಯಸುತ್ತದೆ. ಶಬ್ದ ಮಾಲಿನ್ಯ ನಿಯಂತ್ರಣಕ್ಕಾಗಿ 2000ದಲ್ಲಿ ಬಂದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಿಶೇಷ ಸಂದರ್ಭಗಳ ಕೆಲವೇ ದಿನ ಸರ್ಕಾರ ವಿನಾಯಿತಿ ಕೊಡಬಹುದು. ಪಕ್ಕದ ಮನೆಯಲ್ಲಿ ಹಸುಗೂಸೂ ಹೃದ್ರೋಗಿಯೂ ಇರುತ್ತಾರೆಂಬುದನ್ನು ನೆನಪಿಸಲು ಕಾನೂನೇ ಬರಬೇಕಾಗಿರಲಿಲ್ಲ. ಹೊಂದಿಸಿದ ಧ್ವನಿ ಪೆಂಡಾಲಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ, ಹೊಂದಿಸದ ಧ್ವನಿ ಪೆಂಡಾಲಿನಾಚೆಯ ಗೋಡೆಗಳನ್ನು ನಡುಗಿಸುತ್ತದೆ.

ಮೈಸೂರಿಗೆ ಧ್ವನಿಯ ಬಗ್ಗೆ ಶ್ರದ್ಧೆ ಹೊಸದಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಆಕಾಶವಾಣಿ ಎಂಬ ರೇಡಿಯೊ ಕೇಂದ್ರವನ್ನು ಆರಂಭಿಸಿದರು. ವಾಣೀವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವ ಆರು ದಶಕಗಳಿಂದ ಬೀದಿಯ ಚಪ್ಪರದಡಿಯಲ್ಲೇ ಶಾಸ್ತ್ರೀಯ ಸಂಗೀತ ನಡೆಸುತ್ತ ಬಂದಿದೆ. ಸಾವಿರಾರು ಜನ ಕೂತು ಕೇಳುತ್ತಾರೆ. ಇಂಥ ಊರಿನಲ್ಲಿ ಧ್ವನಿ ಹೊಂದಿಸುವವರು ಪಕ್ಕವಾದ್ಯದವರಿಗೆ ಸಮಾನರೆಂದು ನಾನು ಮನಸಾರೆ ನಂಬುತ್ತೇನೆ. ಕಚೇರಿಗೆ ಮುಂಚೆ ತಂಬೂರಿಯ ಶ್ರುತಿ ಕೂಡಿಸಲು ಕಲಾವಿದರಿಗೆ ನಾವು ಸಮಯ ಕೊಡುತ್ತೇವೆ. ಧ್ವನಿಯವರಿಗೆ ಮಾತ್ರ ಅತಿಥಿಗಳ ಭಾಷಣ ಮುಗಿಯುವ ತನಕ ಒಂದು ನಿಮಿಷವೂ ಸಿಗುವುದಿಲ್ಲ. ಮೊದಲ ಕೀರ್ತನೆ ಅವರ ಪರೀಕ್ಷೆಗೆ ಬಲಿಯಾಗುತ್ತದೆ.

ಆದ್ದರಿಂದ ಈ ವರ್ಷ ಹಬ್ಬಕ್ಕೆ, ಉತ್ಸವಕ್ಕೆ, ಮದುವೆಗೆ ಮೈಕ್ ಸೆಟ್ ಗೊತ್ತುಮಾಡುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ವೇದಿಕೆಯನ್ನು ಧ್ವನಿಯವರಿಗೆ ಬಿಟ್ಟುಕೊಡಿ. ಕಲಾವಿದರನ್ನು ಹತ್ತು ನಿಮಿಷ ಮುಂಚೆ ಕರೆತಂದು ಮಂದ್ರದಲ್ಲೊಮ್ಮೆ, ತಾರದಲ್ಲೊಮ್ಮೆ ಹಾಡಿಸಿ. ಗೇನ್ ನಿಂತ ಮೇಲೆ ಅದನ್ನು ಮುಟ್ಟಲು ಯಾರಿಗೂ, ಸಮಿತಿಯ ಅಧ್ಯಕ್ಷರಿಗೂ, ಅವಕಾಶ ಕೊಡಬೇಡಿ. ಕೊನೆಗೆ ವಂದನಾರ್ಪಣೆಯಲ್ಲಿ ಪೆಂಡಾಲಿನವರ, ಹೂವಿನವರ ಹೆಸರಿನ ಜೊತೆ ಧ್ವನಿಯವರ ಹೆಸರನ್ನೂ ಹೇಳಿ.