ಹಳೆಯ ಜೀಪಿನ ಆರೈಕೆಯೂ ನಮ್ಮ ಹೆಣ್ಣುಮಕ್ಕಳೂ

ಹೆಣ್ಣುಮಕ್ಕಳ ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಡೀಸಲ್ ಯಂತ್ರದ ಮಾತೇಕೆಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಇದನ್ನು ಓದತಕ್ಕ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಇಂದು ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಕಳಸಗಳ ಸುತ್ತಣ ತೋಟಗಳಲ್ಲಿ ಸಂಸಾರ ಹೂಡಿರುವವರು. ಅವರಲ್ಲಿ ಅನೇಕರ ಮನೆಯ ಮಗ್ಗುಲಲ್ಲಿ ಹಳೆಯ ಜೀಪೊಂದು ನಿಂತಿರುವುದುಂಟು. ಆಷಾಢದ ಮಳೆ ಹಿಡಿದು ತೋಟದ ದಾರಿ ಕೆಸರಾದ ಮೇಲೆ ಹೊಸ ಕಾರುಗಳು ಗೇಟಿನ ಬಳಿಯೇ ನಿಲ್ಲುತ್ತವೆ. ಗೊಬ್ಬರದ ಮೂಟೆಯನ್ನು ತರುವುದಕ್ಕೂ, ಮಕ್ಕಳನ್ನು ಡಾಂಬರು ರಸ್ತೆಯ ಬಸ್ಸಿಗೆ ಮುಟ್ಟಿಸುವುದಕ್ಕೂ, ಲೈನುಮನೆಯಲ್ಲಿ ಹೆರಿಗೆಯ ನೋವು ಬಂದವಳನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಸಾಗಿಸುವುದಕ್ಕೂ ಆಗ ಆ ಜೀಪೇ ಗತಿ. ಅದು ಹೊರಡದಿದ್ದರೆ ಗತಿಯೇನು? ಆದಕಾರಣ, ಆ ಜೀಪಿನಲ್ಲಿ ಎಣ್ಣೆ ಹರಿಯುವ ದಾರಿಯನ್ನು ಶುಚಿಯಾಗಿಡುವುದು ಮನೆಗೆಲಸಗಳಲ್ಲೊಂದೆಂದೂ, ಅದನ್ನು ನಮ್ಮ ಹೆಣ್ಣುಮಕ್ಕಳು ತಪ್ಪದೆ ಕಲಿಯತಕ್ಕದ್ದೆಂದೂ, ಆದರೆ ಪಂಪಿನ ಒಳಗನ್ನು ಮಾತ್ರ ಗಂಡಸರಾಗಲಿ ಹೆಂಗಸರಾಗಲಿ ಮನೆಯಲ್ಲಿ ಬಿಚ್ಚಲಾಗದೆಂದೂ ನಮ್ಮ ಅಭಿಪ್ರಾಯ.

ಮೊದಲಿಗೆ ಬಂದ ವಿಲ್ಲಿಸ್ ಜೀಪುಗಳು ಪೆಟ್ರೋಲಿನವು, ಕಾರ್ಬ್ಯುರೇಟರಿನವು. ಮುಂದೆ ಬಂದ ಮಹೀಂದ್ರ ಎಂ.ಎಂ. 540ರಂಥ ಜೀಪುಗಳಲ್ಲಿ ಫ್ರಾನ್ಸಿನ ಪ್ಯೂಜೋ ಮಾದರಿಯ, 2112 ಘನ ಸೆಂಟಿಮೀಟರಿನ ಡೀಸಲ್ ಯಂತ್ರವಿತ್ತು. ಡೀಸಲ್ ಯಂತ್ರದಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾದು ಕೆಂಡವಾಗುತ್ತದೆ. ಆ ಕಾವಿನೊಳಕ್ಕೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸಲನು 1897ರಲ್ಲಿ ತನ್ನ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದಾಗ ಎಣ್ಣೆಯನ್ನು ಒಳಕ್ಕೆ ಊದುವುದಕ್ಕೆ ಬೇರೆ ಗಾಳಿಯಂತ್ರವೇ ಬೇಕಾಗಿತ್ತು. ಅಷ್ಟು ಭಾರವನ್ನು ರಸ್ತೆಯ ಬಂಡಿ ಹೊರುವುದೆಂತು? ಜರ್ಮನಿಯ ಬಾಷ್ ಸಂಸ್ಥೆಯವರು 1927ರಲ್ಲಿ ಚಿಕ್ಕದಾದ ಎಣ್ಣೆಪಂಪನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆಯೇ ಡೀಸಲ್ ಬಂಡಿಗಳು ಬಳಕೆಗೆ ಬಂದವು. ನಮ್ಮ ದೇಶದಲ್ಲಿ ಆ ಕೆಲಸವನ್ನು ಮಾಡಿದುದು 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯನ್ನು ‘ಮೈಕೋ’ ಎಂದರೆ ಅರಿಯದವರಿಲ್ಲ. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ, ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ.

ಆ ಪಂಪಿನೊಳಗಣ ಉಕ್ಕಿನ ಕಡ್ಡಿಗೂ ಅದು ಆಡುವ ಕೊಳವೆಗೂ ನಡುವಿನ ಸಂದು ಸುಮಾರು 2–3 ಮೈಕ್ರಾನ್ ಮಾತ್ರ. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಹೀಗಿರುವಲ್ಲಿ ಕಣ್ಣಿಗೆ ಕಾಣದ ದೂಳಿನ ಕಣವೂ ಅಲ್ಲಿ ಅರದಂತೆ ಕೆಲಸ ಮಾಡುತ್ತದೆ. ನೀರಂತೂ ದೂಳಿಗಿಂತ ಕೆಟ್ಟ ಶತ್ರು. ಆ ಸಂದಿಗೆ ಡೀಸಲ್ಲೇ ಜಾರೆಣ್ಣೆ. ನೀರು ಸೇರಿದರೆ ಜಾರಿಕೆ ಹೋಗಿ ತುಕ್ಕು ಬರುತ್ತದೆ.

ನೀರು ಎಲ್ಲಿಂದ ಬರುವುದೆಂದು ಕೇಳುವವರು ಮಲೆನಾಡಿನವರಾಗಿರಲಾರರು. ತಿಂಗಳುಗಟ್ಟಲೆ ಒಲೆಯ ಮೇಲಣ ಅಟ್ಟದಲ್ಲಿಟ್ಟ ಉಪ್ಪೂ ಒಸರುವ ಸೀಮೆ ಇದು. ಅರೆಬರಿದಾದ ಟ್ಯಾಂಕಿನೊಳಗಣ ತೇವದ ಗಾಳಿ ರಾತ್ರಿಯ ಚಳಿಗೆ ಬೆವರಿ, ಹನಿಯಾಗಿ ತಳಕ್ಕಿಳಿಯುತ್ತದೆ. ಬಯಲಿನಲ್ಲಿಟ್ಟ ಡ್ರಮ್ಮಿನ ಬಾಯಲ್ಲಿ ಮಳೆನೀರು ನಿಂತು ಬಿರಡೆಯ ಸಂದಿನಿಂದ ಒಳಗಿಳಿಯುತ್ತದೆ. ಆದುದರಿಂದ ಮಳೆಗಾಲದಲ್ಲಿ ಸಂಜೆಗೆ ಟ್ಯಾಂಕು ತುಂಬಿರಬೇಕು, ಡ್ರಮ್ಮು ಸೂರಿನಡಿಯಲ್ಲಿರಬೇಕು, ತಂದ ಡೀಸಲನ್ನು ಒಂದು ದಿನ ಅಲುಗಿಸದೆ ಬಿಟ್ಟು, ತಳದ ನಾಲ್ಕು ಬೆರಳನ್ನು ತೆಗೆಯದೆ, ಮೇಲಿನದನ್ನು ಮಾತ್ರ ಸೋಸಿ ಹಾಕಬೇಕು. ತುಪ್ಪ ಕಾಸಿ ಗಸಿ ಬಿಟ್ಟು ಬಗ್ಗಿಸಿಕೊಳ್ಳಬಲ್ಲ ಗೃಹಿಣಿಗೆ ಇದನ್ನು ಬೇರೆಯಾಗಿ ಕಲಿಸಬೇಕಾದುದೇನಿದೆ! ಫಿಲ್ಟರಿನ ತಳದ ತಿರುಪನ್ನು ವಾರಕ್ಕೊಮ್ಮೆ ಸಡಿಲಿಸಿ, ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ, ನೀರಿದ್ದಲ್ಲಿ ಅದು ತಳದಲ್ಲಿ ಬೇರೆಯಾಗಿ ಕಾಣುವುದು. ಇನ್ನೊಂದು ಮಾತು: ಕಾಗದದ ಫಿಲ್ಟರನ್ನು ಕಾಫಿಯ ಫಿಲ್ಟರಿನಂತೆ ತೊಳೆದು ಮತ್ತೆ ಹಾಕುವ ಪದ್ಧತಿ ಕೆಲವೆಡೆ ಉಂಟು. ಅದು ಉಳಿತಾಯವಲ್ಲ. ತೊಳೆದ ಕಾಗದ ಹರಿದು, ತಡೆಯಬೇಕಾದ ಕೊಳೆಯನ್ನೇ ಪಂಪಿಗೆ ಕಳುಹಿಸುತ್ತದೆ.

ಫಿಲ್ಟರನ್ನು ಬದಲಿಸಿದ ಮೇಲೆಯೋ, ಟ್ಯಾಂಕು ಬರಿದಾದಾಗಲೋ ಕೊಳವೆಗಳಲ್ಲಿ ಗಾಳಿ ಸೇರುತ್ತದೆ. ‘ಏರ್ ಹಿಡಿದಿದೆ’ ಎಂದು ಮೆಕ್ಯಾನಿಕ್ಕುಗಳು ಹೇಳುವುದು ಇದನ್ನೇ. ಗಾಳಿ ಅದುಮಿದರೆ ಕುಗ್ಗುವ ವಸ್ತುವಾದುದರಿಂದ ಪಂಪು ಎಷ್ಟು ತಳ್ಳಿದರೂ ಎಣ್ಣೆ ನಾಝಲಿನಿಂದ ಚಿಮ್ಮದು. ಇದರ ಪರಿಹಾರ ಹತ್ತು ನಿಮಿಷದ್ದು. ಫಿಲ್ಟರಿನ ಮೇಲಣ ಗಾಳಿತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋದರೆ ಮೊದಲು ನೊರೆ ಬಂದು, ಕ್ರಮೇಣ ಗುಳ್ಳೆಯಿಲ್ಲದ ಎಣ್ಣೆ ಬರುವುದು, ಆಗ ಬಿಗಿಯಬೇಕು. ಬಳಿಕ ಪಂಪಿನ ತಿರುಪಿನಲ್ಲಿಯೂ ಹಾಗೆಯೇ. ಅಷ್ಟಕ್ಕೂ ಹೊರಡದಿದ್ದರೆ ನಾಝಲಿಗೆ ಸೇರುವ ಕೊಳವೆಗಳ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಮುಚ್ಚಿ, ಇನ್ನೊಬ್ಬರಿಂದ ಸ್ಟಾರ್ಟರನ್ನು ತಿರುಗಿಸಿ, ಎಣ್ಣೆ ಒಸರಿದೊಡನೆ ಬಿಗಿಯತಕ್ಕದ್ದು. ಇಷ್ಟು ತಿಳಿಯದೆ ಎಷ್ಟು ಜೀಪುಗಳು ಗುಜರಿಗೆ ಹೋದುವೋ! ನಾವು ಬಲ್ಲ ಒಂದು ಮನೆಯಲ್ಲಿ ಎರಡು ಮಳೆಗಾಲ ಮುಚ್ಚಿಟ್ಟಿದ್ದ ಜೀಪನ್ನು ‘ಪಂಪು ಹೋಗಿದೆ’ ಎಂದು ತೂಕದ ಬೆಲೆಗೆ ಮಾರಿದರು. ಕೊಂಡವನು ಟ್ಯಾಂಕಿನ ನೀರು ತೆಗೆದು, ಹೊಸ ಫಿಲ್ಟರ್ ಹಾಕಿ, ಗಾಳಿ ಬಿಡಿಸಿ, ಮರುದಿನವೇ ಅದೇ ಮನೆಯ ಮುಂದೆ ಓಡಿಸಿಕೊಂಡು ಹೋದನು.

ಮುಂಜಾನೆಯ ಚಳಿಯಲ್ಲಿ ಬಿಳಿಯ ಹೊಗೆ ಮಾತ್ರ ಬಂದು ಯಂತ್ರ ಹಿಡಿಯದಿದ್ದರೆ ಪಂಪನ್ನು ದೂರುವ ಮುನ್ನ ಹೀಟರ್ ಪ್ಲಗ್ಗುಗಳನ್ನು ನೋಡಿಸಬೇಕು. ಕಪ್ಪು ಹೊಗೆಯಾದರೆ ಮೊದಲು ಗಾಳಿಯ ಫಿಲ್ಟರನ್ನು ನೋಡಬೇಕು. ನೀಲಿ ಹೊಗೆಗೂ ಪಂಪಿಗೂ ಸಂಬಂಧವಿಲ್ಲ, ಅದು ಎಂಜಿನ್ ಆಯಿಲ್ ಉರಿಯುವ ಗುರುತು.

ಇನ್ನು ಮುಟ್ಟಬಾರದ ಭಾಗಕ್ಕೆ ಬರೋಣ. ಪಂಪಿನ ಕಡ್ಡಿಯೂ ಕೊಳವೆಯೂ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿಗಳು. ಒಂದರ ಕಡ್ಡಿ ಇನ್ನೊಂದರ ಕೊಳವೆಗೆ ಸಲ್ಲದು. ನಾಲ್ಕು ಸಿಲಿಂಡರಿಗೂ ಸಮನಾಗಿ ಎಣ್ಣೆ ಅಳೆದು ಕೊಡುವಂತೆ ಅದನ್ನು ಹೊಂದಿಸಲು ಅಳತೆಯ ಗಾಜಿನ ನಳಿಗೆಗಳುಳ್ಳ ಟೆಸ್ಟ್ ಬೆಂಚು ಬೇಕು. ಕಿವಿಯಿಂದ ಕೇಳಿ ಹೊಂದಿಸುವೆನೆನ್ನುವವನನ್ನು ನಂಬಲಾಗದು. ಏರು ಹತ್ತುವುದಕ್ಕೆ ಬಲ ಸಾಲದೆಂದು ಮುದ್ರೆಯ ತಂತಿಯನ್ನು ಕಿತ್ತು ತಿರುಪನ್ನು ತಿರುಗಿಸುವ ಚಾಳಿ ಕೆಲವು ತರುಣರಲ್ಲಿದೆ. ಬಲ ಬರುವುದೇನೋ ನಿಜ. ಅದರೊಡನೆ ಕಪ್ಪು ಹೊಗೆಯೂ, ಪಿಸ್ಟನ್ನಿನ ಅತಿಕಾವೂ, ಮುಂದೆ ದೊಡ್ಡ ರಿಪೇರಿಯೂ ಬರುತ್ತವೆ. 2020ರ ಏಪ್ರಿಲಿನಿಂದ ಬರುತ್ತಿರುವ ಗಂಧಕವಿಳಿಸಿದ ಡೀಸಲಿನಲ್ಲಿ ಜಾರಿಕೆ ಸಾಲದೆಂದು ಟ್ಯಾಂಕಿಗೆ ಹಳೆಯ ಎಂಜಿನ್ ಆಯಿಲನ್ನು ಸುರಿಯುವವರೂ ಇದ್ದಾರೆ. ಜಾರಿಕೆಗೆ ಬೇಕಾದುದನ್ನು ಶುದ್ಧೀಕರಣಾಗಾರದಲ್ಲಿಯೇ ಬೆರೆಸಿರುತ್ತಾರೆ. ಮಸಿಯೆಣ್ಣೆಯಿಂದ ನಾಝಲು ಕಟ್ಟಿಕೊಳ್ಳುವುದಷ್ಟೇ ಲಾಭ.

ಹಣದ ನಷ್ಟಕ್ಕಿಂತ ಭಯಂಕರವಾದುದು ಇನ್ನೊಂದಿದೆ. ತಾಯ್ತಂದೆಗಳು ಇದನ್ನು ಗಮನವಿಟ್ಟು ಓದಬೇಕೆಂದು ಪ್ರಾರ್ಥನೆ. ಟೈರಿನ ಗಾಳಿಯ ಒತ್ತಡ ಸುಮಾರು 2 ಬಾರ್. ನಾಝಲಿನಿಂದ ಎಣ್ಣೆ ಚಿಮ್ಮುವ ಒತ್ತಡ, ಹಳೆಯ ಜೀಪಿನಲ್ಲಿಯೇ, 100 ಬಾರಿಗೂ ಮೇಲೆ. ಆ ಚಿಮ್ಮು ತೊಗಲನ್ನು ಸೂಜಿಯಂತೆ ತೂರಿ ಒಳಹೊಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯ. ನೋವೂ ಮೊದಲಿಗೆ ಅಲ್ಪ. ಕೆಲವು ಗಂಟೆಗಳಲ್ಲಿ ಕೈ ಊದಿಕೊಂಡು, ತಡಮಾಡಿದಲ್ಲಿ ಬೆರಳನ್ನೇ ಕತ್ತರಿಸಬೇಕಾಗಬಹುದು. ಆದಕಾರಣ ಸೋರಿಕೆಯನ್ನು ಎಂದಿಗೂ ಬೆರಳಿನಿಂದ ಹುಡುಕಕೂಡದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಕಣ್ಣಿಗೆ ಕನ್ನಡಕವಿರಬೇಕು. ಕಳಚಿದ ನಾಝಲಿನ ಎದುರು ಮಕ್ಕಳನ್ನು ನಿಲ್ಲಿಸಕೂಡದು. ಹಾಗೆ ಚುಚ್ಚಿತೆಂದು ಅನುಮಾನ ಬಂದರೂ ಅರಿಸಿನ ಮೆತ್ತಿ ಕುಳಿತುಕೊಳ್ಳದೆ, ಡೀಸಲ್ ಒಳಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಿ ಶಸ್ತ್ರವೈದ್ಯರಲ್ಲಿಗೆ ಅಂದೇ ಹೋಗತಕ್ಕದ್ದು.

ಪೆಟ್ರೋಲ್ ಕಾರುಗಳ ಮಾತು ಸ್ವಲ್ಪ. ನಮ್ಮ ಹಿರಿಯರ ಫಿಯೆಟ್ಟು, ಅಂಬಾಸಡರುಗಳಲ್ಲಿ ಹೆಚ್ಚಿನವು ಕಾರ್ಬ್ಯುರೇಟರಿನವು; ಸಾಮಾನ್ಯರ ಪೆಟ್ರೋಲ್ ಕಾರುಗಳಿಗೆ ಚಿಮ್ಮು ವ್ಯವಸ್ಥೆ ಬಂದುದು ಹೊಗೆಯ ಕಟ್ಟಳೆ ಬಿಗಿಯಾದ 2000ನೆಯ ಇಸವಿಯ ಸುಮಾರಿನಲ್ಲಿ. ಅವೂ ಈಗ ಹಳೆಯವಾಗುತ್ತಿವೆ. ಪೆಟ್ರೋಲಿನಲ್ಲಿ ಎಥನಾಲಿನ ಪಾಲು 2025ರ ವೇಳೆಗೆ ನೂರಕ್ಕೆ ಇಪ್ಪತ್ತಾಗಿರುವುದರಿಂದ ಹಳೆಯ ರಬ್ಬರ್ ಕೊಳವೆಗಳು ಮೆದುವಾಗಿ ಬಿರಿಯುವ ಭಯವುಂಟು. ಯಂತ್ರ ನಿಂತ ಮೇಲೆಯೂ ಆ ಕೊಳವೆಗಳಲ್ಲಿ ಒತ್ತಡ ಉಳಿದಿರುತ್ತದೆ. ಇಲ್ಲಿ ಬೆಂಕಿಯ ಅಪಾಯವಿರುವುದರಿಂದ, ಕೊಳವೆಯನ್ನು ಆಗಾಗ ಮುಟ್ಟಿ ಮೂಸಿ ನೋಡುವುದಷ್ಟೇ ಮನೆಯವರ ಪಾಲಿನ ಕೆಲಸ, ಬದಲಿಸುವುದು ಬಲ್ಲವರದು.

‘ಹೆಣ್ಣುಮಕ್ಕಳ ಕೈ ಮಸಿಯಾಗಬೇಕೆ?’ ಎನ್ನುವ ಹಿರಿಯರಿಗೆ ಒಂದು ಚರಿತ್ರೆಯ ಸಂಗತಿಯನ್ನು ನೆನಪಿಸುತ್ತೇವೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಟಾ ಬೆಂಟ್ಸ್ ಎಂಬಾಕೆ, ಗಂಡನು ನಿರ್ಮಿಸಿದ ಮೋಟಾರು ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಕ್ರಮಿಸಿದಳು. ಮೋಟಾರು ಬಂಡಿಯ ಮೊತ್ತಮೊದಲ ದೂರಪ್ರಯಾಣವದು. ನಡುದಾರಿಯಲ್ಲಿ ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಆಕೆ ತನ್ನ ಟೋಪಿಯ ಪಿನ್ನಿನಿಂದಲೇ ಅದನ್ನು ಬಿಡಿಸಿದಳು. ಎಣ್ಣೆದಾರಿಯ ಶುಚಿಯು ಸ್ತ್ರೀಯರಿಗೆ ಹೊಸದೆಂದು ಹೇಳುವವರು ನೂರಮೂವತ್ತು ವರ್ಷಕ್ಕೂ ಮಿಕ್ಕು ತಡವಾಗಿ ಬಂದಂತಾಯಿತು. ಅದಿರಲಿ, ಹೊಲಿಗೆಯ ಯಂತ್ರದ ಬಾಬಿನ್ ಕಳಚಿ ನೂಲಿನ ಸಿಂಬೆ ತೆಗೆದು ಎಣ್ಣೆ ಬಿಡುವ, ಪ್ರೆಷರ್ ಕುಕ್ಕರಿನ ರಬ್ಬರು ಸವೆದುದನ್ನು ಸದ್ದಿನಿಂದಲೇ ತಿಳಿಯುವ ಕೈಗಳಿಗೆ ಗಾಳಿತಿರುಪೊಂದು ಹೆಚ್ಚೇ?

ಹದಿನೈದು ವರ್ಷ ತುಂಬಿದ ಸ್ವಂತ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕಾಗಿರುವುದರಿಂದ, ಹೊಗೆಯುಗುಳುವ ಜೀಪನ್ನು ಉಳಿಸಿಕೊಳ್ಳುವುದು ಇನ್ನು ಮುಂದೆ ಸುಲಭವಲ್ಲ. ಮಗಳಿಗೆ ಜೀಪು ಓಡಿಸುವುದನ್ನು ಕಲಿಸಿದ ತಂದೆಯರು ಈ ಊರುಗಳಲ್ಲಿ ಬಹಳ ಮಂದಿ. ಬಾನೆಟ್ಟು ಎತ್ತಿ ತೋರಿಸಿದವರು ಕಡಿಮೆ. ಬರುವ ಮೇ ತಿಂಗಳ ರಜೆಯಲ್ಲಿ, ಮುಂಗಾರು ಹಿಡಿಯುವ ಮುನ್ನ, ಒಂದು ಬೆಳಗ್ಗೆ ಆ ಕೆಲಸವಾಗಲಿ. ಹೊಸ ಫಿಲ್ಟರಿನ ಜೋಡಿ, ಗಾಳಿತಿರುಪಿನ ತಾಮ್ರದ ವಾಷರುಗಳು, ಕೊಳವೆಯ ನಟ್ಟಿಗೆ ಹೊಂದುವ ಸ್ಪ್ಯಾನರು—ಸಾಮಾನ್ಯವಾಗಿ 17ರದು—ನೂಲು ಬಿಡದ ಬಟ್ಟೆ, ಒಂದು ಗಾಜಿನ ಲೋಟ, ಇವಿಷ್ಟನ್ನು ಮುಂಚಿತವಾಗಿ ತಂದಿಟ್ಟುಕೊಳ್ಳಬೇಕು. ತಿರುಪನ್ನು ತಿರುಗಿಸುವ ಕೈ ಮಗಳದಾಗಿರಲಿ. ತಂದೆಯು ಲೋಟವನ್ನು ಹಿಡಿದುಕೊಂಡರೆ ಸಾಕು.