ಅವಿಭಾಜ್ಯ ಸಂಖ್ಯೆಯನ್ನು ಅಚ್ಚು ಹಾಕಿಸುವ ವಿಚಾರ

2024ನೆಯ ಇಸವಿಯ ಅಕ್ಟೋಬರಿನಲ್ಲಿ ದೊರೆತ ಮಹಾ ಅವಿಭಾಜ್ಯ ಸಂಖ್ಯೆಯ ಅಂಕಿಗಳನ್ನೆಲ್ಲ ಅಚ್ಚು ಹಾಕಿಸಿ, ಸಂಪುಟಗಳಾಗಿ ಕಟ್ಟಿಸಿ, ಪಾಠಶಾಲೆಯ ವಾಚನಾಲಯದಲ್ಲಿ ಇರಿಸಬೇಕೆಂದು ತ್ಯಾಗರಾಜನಗರದ ಕೆಲವರು ಹಿರಿಯ ವಿದ್ಯಾರ್ಥಿನಿಯರು ಸೂಚಿಸಿರುವರು. ಅವರ ಗಣಿತಪ್ರೇಮವು ಶ್ಲಾಘನೀಯವಾದುದು. ಆದರೂ ಈ ಸೂಚನೆಗೆ ನಮ್ಮ ಸಮ್ಮತಿಯಿಲ್ಲ.

ಎರಡನ್ನು 13,62,79,841 ಸಲ ಬರೆದು ಒಂದರೊಡನೊಂದನ್ನು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಆ ಸಂಖ್ಯೆಯಾಯಿತು. ಇಷ್ಟು ಹೇಳಿದರೆ ಅದನ್ನು ಪೂರ್ಣವಾಗಿ ಹೇಳಿದಂತೆಯೇ. ಗಣಕಯಂತ್ರವು ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಿಂದ ಎಣಿಸುವುದಾದುದರಿಂದ ಅದರ ಬರಹದಲ್ಲಿ ಈ ಸಂಖ್ಯೆಯು ಬರಿಯ ಒಂದುಗಳ ಸಾಲು. ನಮ್ಮ ಹತ್ತರ ಎಣಿಕೆಗೆ ತಂದಾಗ 4,10,24,320 ಅಂಕಿಗಳಾಗುವುವು. ಪುಟಕ್ಕೆ 3,000 ಅಂಕಿಗಳಂತೆ ಜೋಡಿಸಿದರೂ 13,600ಕ್ಕೆ ಮೇಲ್ಪಟ್ಟ ಪುಟಗಳು! 2018ರಲ್ಲಿ ಜಪಾನು ದೇಶದವರು 2,32,49,425 ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆಯನ್ನು ಅತಿ ಸಣ್ಣ ಅಚ್ಚಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕೊಂಡವರು ಬಹುಮಂದಿ, ಓದಿದವರುಂಟೋ ಕಾಣೆವು.

ವೆಚ್ಚಕ್ಕಿಂತಲೂ ದೊಡ್ಡ ಆಕ್ಷೇಪಣೆಯೊಂದುಂಟು. ಕರಡು ತಿದ್ದುವವರು ಯಾರು? ಮಾತಿನಲ್ಲಿ ಅಕ್ಷರವೊಂದು ತಪ್ಪಿದರೆ ವಾಚಕರು ತಾವೇ ತಿದ್ದಿಕೊಳ್ಳುವರು. ಇಲ್ಲಿ ಅಂಕಿಯೊಂದು ತಪ್ಪಿದರೆ ಅದು ಬೇರೊಂದು ಸಂಖ್ಯೆ. ತಪ್ಪಿದುದು ನೋಟಕ್ಕೆ ತಿಳಿಯುವುದೂ ಇಲ್ಲ.

ಹಾಗಾದರೆ ಏನೂ ಬೇಡವೆ? ಬೇಕು. 1876ರಲ್ಲಿ ಫ್ರಾನ್ಸಿನ ಲೂಕಾ ಎಂಬ ಪಂಡಿತನು, ಎರಡನ್ನು 127 ಸಲ ಗುಣಿಸಿ ಒಂದನ್ನು ಕಳೆದರೆ ಬರುವ ಸಂಖ್ಯೆಯು ಅವಿಭಾಜ್ಯವೆಂದು ಕೈಲೆಕ್ಕದಿಂದಲೇ ತೋರಿಸಿದನು. 1951ರ ವರೆಗೆ ಅದಕ್ಕಿಂತ ದೊಡ್ಡದು ಯಾರಿಗೂ ದೊರೆತಿರಲಿಲ್ಲ. ಅದರ ಅಂಕಿಗಳು 39 ಮಾತ್ರ:

170141183460469231731687303715884105727

ಇದನ್ನು ನಮ್ಮ ಬಾಲಿಕೆಯರು ತಾವೇ ಪಡೆಯಲಿ. ಎರಡು, ನಾಲ್ಕು, ಎಂಟು ಎಂದು ಇಮ್ಮಡಿಸುತ್ತ ಹೋದರೆ ಸಾಕು. ಬೇಕಾದುದು ತಾಳ್ಮೆ, ಒಂದು ನೋಟುಪುಸ್ತಕ. ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿಯವರು 1977ರಲ್ಲಿ 201 ಅಂಕಿಗಳ ಸಂಖ್ಯೆಯ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ತೆಗೆದರು. ಆ ಶಕ್ತಿ ಎಲ್ಲರಿಗೂ ಬಾರದು. ಇಮ್ಮಡಿಸುವುದು ಯಾರಿಗೆ ಬಾರದು?

ತಾಳೆ ನೋಡುವ ಬಗೆಯೂ ಸುಲಭವಾಗಿದೆ. ಇಮ್ಮಡಿಸಿದ ಸಂಖ್ಯೆಗಳನ್ನು ಒಂಬತ್ತರಿಂದ ಭಾಗಿಸಿದರೆ 2, 4, 8, 7, 5, 1 ಎಂಬ ಶೇಷಗಳೇ ಆರಾರು ಹೆಜ್ಜೆಗೆ ಮರಳಿ ಬರುವುವು. ಆದುದರಿಂದ 127ನೆಯ ಹೆಜ್ಜೆಯಲ್ಲಿ ಶೇಷ 2. ಒಂದನ್ನು ಕಳೆದ ಮೇಲೆ 1. ಮೇಲಿನ ಅಂಕಿಗಳ ಮೊತ್ತವು 154. ಅದರ ಶೇಷವೂ ಒಂದೇ. ಎರಡು ಅಂಕಿಗಳು ಸ್ಥಳ ಬದಲಾಯಿಸಿದ್ದರೆ ಈ ಉಪಾಯಕ್ಕೆ ತಿಳಿಯದು. ಅದಕ್ಕಾಗಿ ಇಬ್ಬರು ಬಾಲಿಕೆಯರು ಬೇರೆ ಬೇರೆಯಾಗಿ ಲೆಕ್ಕ ಮಾಡಿ, ಒಬ್ಬಳು ಓದಲು ಮತ್ತೊಬ್ಬಳು ನೋಡಬೇಕು.

ಈ ಸಾಲಿನ ಕರಡನ್ನು ನಾವು ಮೂರು ಸಲ ನೋಡಿದ್ದೇವೆ. ಆದರೂ ತಪ್ಪುಳಿದಿದ್ದರೆ, ಮನೆಯಲ್ಲಿ ಮಕ್ಕಳೊಡನೆ ಇಮ್ಮಡಿಸಿ ನೋಡಿದ ಮಾತಾಪಿತೃಗಳು ನಮಗೆ ತಿಳಿಯಪಡಿಸಬೇಕಾಗಿ ಕೋರುತ್ತೇವೆ.