ಐರನ್‌ಮ್ಯಾನ್ ಇರ್ಲಿ, ಮೊದಲು ಈಜು ಕಲಿಸ್ರಪ್ಪಾ!

2024ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಜ್ಜಂಪುರದಲ್ಲಿ ಬಸ್ಸಿಳಿಯುವಷ್ಟರಲ್ಲೇ ಸುದ್ದಿ ಹಬ್ಬಿತ್ತು. "ಏನೋ, ಪ್ರೊಫೆಷನಲ್ ಆಟಗಾರ ಆಗ್ಬಿಟ್ಯಂತೆ!" ಅಂದ್ರು ದೊಡ್ಡಪ್ಪ. ಯುವಕ ಸಂಘದ ಹುಡುಗ್ರು ಫ್ಲೆಕ್ಸ್ ಮಾಡಿಸೋಕೆ ಫೋಟೋ ಕೇಳಿದ್ರು.

ನಾನು ಪ್ರೊಫೆಷನಲ್ಲೂ ಅಲ್ಲ, ಮಣ್ಣೂ ಅಲ್ಲ. ಅವರು ಬಹುಮಾನದ ದುಡ್ಡಿಗೆ ಓಡೋರು, ನಾನು ಕೈಯಿಂದ ದುಡ್ಡು ಕಟ್ಟಿ ಓಡಿದವನು. ಅಕ್ಟೋಬರ್ 27ರಂದು ನಾನು ಮುಗಿಸಿದ್ದು ಗೋವಾದ ಐರನ್‌ಮ್ಯಾನ್ 70.3. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಎಲ್ಲಾ ಎಂಟೂವರೆ ಗಂಟೆಯೊಳಗೆ. (ಪೂರ್ತಿ ಐರನ್‌ಮ್ಯಾನ್ ಇದರ ಎರಡರಷ್ಟು. 1978ರಲ್ಲಿ ಹವಾಯಿಯಲ್ಲಿ ಶುರುವಾದಾಗ ಹೊರಟೋರು 15 ಜನ, ಮುಗಿಸಿದೋರು 12.) ಸಂಸದ ತೇಜಸ್ವಿ ಸೂರ್ಯ ಅವರೂ ಅವತ್ತೇ ಮುಗಿಸಿದ್ರಿಂದ ಪೇಪರಲ್ಲಿ ಬಂತು, ಊರಿಗೂ ಗೊತ್ತಾಯ್ತು.

ಸೈಕಲ್ಲು, ಓಟ ನಂಗೆ ದೊಡ್ಡದಾಗ್ಲಿಲ್ಲ. ರಜೆಗೆ ಬಂದಾಗೆಲ್ಲ ಕಡೂರು, ಬೀರೂರು, ತರೀಕೆರೆ ಅಂತ ಬಿ.ಎಚ್. ರಸ್ತೆಯಲ್ಲಿ ತುಳೀತಿದ್ದೆ. ಏರು ಬೇಕಂದ್ರೆ ಲಿಂಗದಹಳ್ಳಿ ದಾಟಿದ್ರೆ ಕೆಮ್ಮಣ್ಣುಗುಂಡಿ ಘಾಟಿ. ನಂಗೆ ಭಯ ಇದ್ದಿದ್ದು ನೀರಿಗೆ. ಬೆಂಗಳೂರಲ್ಲಿ ಇಪ್ಪತ್ತಾರನೇ ವಯಸ್ಸಲ್ಲಿ ಫೀಸು ಕಟ್ಟಿ ಈಜು ಕಲಿತೆ. ಪಕ್ಕದಲ್ಲಿ ಯುಕೆಜಿ ಹುಡುಗಿ, "ಅಂಕಲ್, ಉಸಿರು ಬಿಡಿ" ಅಂತಿದ್ಲು :-)

ನಮ್ಮಪ್ಪ ಬಿಡಿಗಾಸಿಲ್ಲದೆ ಕಲಿತೋರು. ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ಅವರ ಚಿಕ್ಕಪ್ಪ ಬಾವಿಗೆ ತಳ್ಳಿದ್ರಂತೆ. ನಾನು ನೋಡೋ ಹೊತ್ತಿಗೆ ಆ ಬಾವಿ ಕಸದ ಗುಂಡಿ. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆದು ನೀರು ಪಾತಾಳಕ್ಕೆ ಇಳೀತು, ಬಾವಿ ಒಣಗ್ತು, ಜೊತೆಗೆ ಈಜೂ ಹೋಯ್ತು. ಒಂದೇ ತಲೆಮಾರಲ್ಲಿ!

ಆದ್ರೆ ನೀರು ಬೇರೆ ವೇಷದಲ್ಲಿ ವಾಪಸ್ ಬಂದಿದೆ. 2014ರಲ್ಲಿ ಕೃಷಿ ಭಾಗ್ಯ ಶುರುವಾದ ಮೇಲಂತೂ ಎಲ್ಲಿ ನೋಡಿದ್ರೂ ಕೃಷಿ ಹೊಂಡ. ಬೇಡ ಅಂತಿಲ್ಲ, ಮಳೆ ನಂಬಿ ಬದುಕೋ ನಮ್ಮ ಕಡೆ ಅದು ಬೇಕೇ ಬೇಕು. ಆದ್ರೆ ನೀರು ಇಂಗಬಾರದು ಅಂತ ಹಾಸೋ ಪ್ಲಾಸ್ಟಿಕ್ ಹಾಳೆ ಇದ್ಯಲ್ಲ, ಪಾಚಿ ಕಟ್ಟಿದ್ರೆ ಅದು ಜಾರುಬಂಡೆ. ಇಳಿಜಾರಲ್ಲಿ ಕಾಲು ನಿಲ್ಲಲ್ಲ, ಹಿಡಿಯೋಕೆ ಒಂದು ಬೇರಿಲ್ಲ, ಕಲ್ಲಿಲ್ಲ.

ನನ್ನ ಜೊತೆ ಓದಿದವನ ತಮ್ಮ ಹೋಗಿದ್ದು ಹೀಗೇ. ಚೆಂಡು ತೆಗೆಯೋಕೆ ಇಳಿದಿದ್ದ. ಹನ್ನೊಂದು ವರ್ಷ. ದಡದಲ್ಲಿದ್ದ ನಾಲ್ಕು ಜನ ದೊಡ್ಡೋರಲ್ಲಿ ಒಬ್ಬರಿಗೂ ಈಜು ಬರ್ತಿರಲಿಲ್ಲ. ಅದರಲ್ಲಿ ನಾನೂ ಒಬ್ಬ, ಇಂಜಿನಿಯರಿಂಗ್ ಮುಗಿಸಿದವನು. ಕೂಗಿದೆ, ಅಷ್ಟೇ....

ಈಗ ನನ್ನ ಕೊರಳಿಗೆ ಹಾರವಂತೆ! ನಾಚಿಕೆ ಆಗಲ್ವಾ ಸ್ವಾಮಿ? "ಮಕ್ಕಳನ್ನ ನೀರಿನ ಹತ್ರ ಬಿಡಬೇಡಿ" ಅನ್ನೋ ಹಿರಿಯರಿಗೆ ಒಂದು ಪ್ರಶ್ನೆ: ತೋಟಕ್ಕೊಂದು ಹೊಂಡ ತೋಡಿದ ಮೇಲೆ ನೀರಿನಿಂದ ದೂರ ಅಂದ್ರೆ ಎಲ್ಲಿಗೆ ಕಳಿಸ್ತೀರಿ? ಹಾರ, ತುರಾಯಿ, ಸನ್ಮಾನಕ್ಕೆ ಎಲ್ಲೆಲ್ಲಿಂದಲೋ ದುಡ್ಡು ಹುಟ್ಟುತ್ತೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಕೇಂದ್ರಗಳು. ಸರ್ಕಾರಿ ಶಾಲೆ ಮಕ್ಕಳಿಗೆ ಬಿಟ್ಟಿಯಾಗಿ ಈಜು ಕಲಿಸೋಕೆ ಪ್ರತಿ ಊರಲ್ಲೂ ಎದೆಮಟ್ಟದ ಒಂದು ಕೊಳ, ಕಲಿಸೋರು ಒಬ್ಬರು, ಇಷ್ಟಕ್ಕೆ ದುಡ್ಡಿಲ್ವಾ?

ಈಜು ಬಂದವನೂ ಆ ಪ್ಲಾಸ್ಟಿಕ್ ಮೇಲೆ ಹತ್ತೋದು ಕಷ್ಟ, ಒಪ್ಕೋತೀನಿ. ಅದಕ್ಕೇ ಬೇಲಿ, ಹಗ್ಗ ಇರಲೇಬೇಕು. ಸಂಘದ ಹುಡುಗ್ರಿಗೆ ಇದನ್ನೇ ಹೇಳಿದೆ. ಮೊದಲು ಮುಖ ಊದಿಸಿಕೊಂಡ್ರು. ಆಮೇಲೆ ಫ್ಲೆಕ್ಸ್ ದುಡ್ಡಲ್ಲಿ ಹಗ್ಗ, ಹಳೇ ಲಾರಿ ಟ್ಯೂಬು ತಂದ್ವಿ. ಹಬ್ಬ ಮುಗಿಯೋದ್ರೊಳಗೆ ಆರು ಹೊಂಡಕ್ಕೆ ಕಟ್ಟಿದ್ವಿ. ಏಳನೆಯವರು ಮಾತ್ರ ಅಪಶಕುನ ಅಂತ ತೋಟದೊಳಗೇ ಬಿಡ್ಲಿಲ್ಲ.